ಗಾಜಿನ ಮೇಲೆ ಜಿಂಕ್ ಆಕ್ಸೈಡ್ ನ್ಯಾನೋಕಡ್ಡಿ ಬೆಳೆಸುವುದು

ಎಂ.ಎಸ್ಸಿ. ಪ್ರಾಜೆಕ್ಟಿಗೆ ಬರುವ ಮಕ್ಕಳು ಮೊದಲು ಕೇಳುವುದು, ‘ಮೇಡಂ, ಆಟೋಕ್ಲೇವ್ ಇದೆಯಾ?’ ಅಂತ. ಜಿಂಕ್ ಆಕ್ಸೈಡಿಗೆ ಆ ಒತ್ತಡದ ಪಾತ್ರೆ ಬೇಕಾಗಿಲ್ಲ. 90 ಡಿಗ್ರಿಯಲ್ಲಿ ಅಲುಗಾಡದೆ ನಿಲ್ಲುವ ಓವನ್, ಮುಚ್ಚಳವಿರುವ ಬೊರೊಸಿಲಿಕೇಟ್ ಬಾಟಲಿ ಸಾಕು. ಕಡ್ಡಿ ನೆಟ್ಟಗೆ ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಬೀಜದ ಪದರ, ಅಂದರೆ ಕಡ್ಡಿ ಮೊಳೆಯಲೆಂದು ಗಾಜಿಗೆ ಮೊದಲೇ ಬಳಿಯುವ ಜಿಂಕ್ ಆಕ್ಸೈಡಿನ ತೆಳುಪದರ.

ಸ್ಲೈಡನ್ನು ಸೋಪುನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್, ಡಿಐ (ಅಯಾನು ತೆಗೆದ) ನೀರಿನಲ್ಲಿ ಒಂದಾದ ಮೇಲೊಂದರಂತೆ ಸೋನಿಕೇಟ್ ಮಾಡಿ, ಅಂದರೆ ಅಲ್ಟ್ರಾಸೌಂಡ್ ಅಲೆಯಿಂದ ತೊಳೆಯಿರಿ. ಕೊನೆಯಲ್ಲಿ ನೀರು ಮಣಿಮಣಿಯಾಗಿ ನಿಂತರೆ ಜಿಡ್ಡು ಹೋಗಿಲ್ಲ, ಮತ್ತೆ ತೊಳೆಯಿರಿ.

ಬೀಜದ ಪದರಕ್ಕೆ 50 ಮಿ.ಲೀ. ಎಥನಾಲಿಗೆ 0.11 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟ್ ಹಾಕಿ. ಬೇಗ ಕರಗುವುದಿಲ್ಲ, ಸ್ಟಿರರ್ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿ. ಬೆಂಕಿ ಹತ್ತಿರ ಇರಬಾರದು. ಸ್ಲೈಡನ್ನು ತಿರುಗಿಸುತ್ತಾ ದ್ರಾವಣ ಬಳಿಯುವ ಸ್ಪಿನ್ ಕೋಟರಿನಲ್ಲಿ 2000 ಆರ್‌ಪಿಎಂ, 30 ಸೆಕೆಂಡ್. ಒಣಗಿಸಿ, ಮತ್ತೆ ಬಳಿಯಿರಿ. ಹೀಗೆ ಮೂರ್ನಾಲ್ಕು ಸಲ. ಆಮೇಲೆ 350 ಡಿಗ್ರಿಯಲ್ಲಿ ಅರ್ಧ ಗಂಟೆ. ಫರ್ನೇಸ್ ತಾನಾಗಿ ತಣ್ಣಗಾಗಲಿ, ಅವಸರ ಮಾಡಿದರೆ ಗಾಜು ಸೀಳುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಅದಕ್ಕೇ ಎಲ್ಲರಿಗೂ ಈ ಹಂತದ ಮೇಲೆ ತಾತ್ಸಾರ. ಯಾವ ಬದಿಗೆ ಬಳಿದಿರಿ ಅಂತ ಮೂಲೆಯಲ್ಲಿ ಗೀರಿಡಿ.

ಬೆಳೆಸುವ ದ್ರಾವಣಕ್ಕೆ 0.74 ಗ್ರಾಂ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್, 0.35 ಗ್ರಾಂ ಎಚ್‌ಎಂಟಿಎ (ಹೆಕ್ಸಾಮೀಥೈಲಿನ್‌ಟೆಟ್ರಮೀನ್). ತಲಾ 50 ಮಿ.ಲೀ. ಡಿಐ ನೀರಿನಲ್ಲಿ ಬೇರೆ ಬೇರೆ ಕರಗಿಸಿ ಸೇರಿಸಿ. ಎರಡರ ಸಾಂದ್ರತೆಯೂ 25 ಮಿಲಿಮೋಲಾರ್ ಆಗುತ್ತದೆ. ಮಳೆಗಾಲದಲ್ಲಿ ನೈಟ್ರೇಟ್ ತೇವ ಹೀರಿ ಪಿಚಿಪಿಚಿ ಆಗುತ್ತದೆ. ಬೇಗ ತೂಗಿ, ಡಬ್ಬಿ ಮುಚ್ಚಿ. ಎಚ್‌ಎಂಟಿಎ ಬದಲು ಇಷ್ಟು ಸೋಡಿಯಂ ಹೈಡ್ರಾಕ್ಸೈಡ್ ಸುರಿದರೆ ಆಗಲ್ವಾ ಅನ್ನುತ್ತಾರೆ. ಸುರಿದ ತಕ್ಷಣ ಬಿಳಿ ಗಸಿ ಬೀಳುತ್ತದೆ, ಅಷ್ಟೇ. ಎಚ್‌ಎಂಟಿಎ ಬಿಸಿಗೆ ನಿಧಾನವಾಗಿ ಒಡೆದು ಅಮೋನಿಯಾ ಬಿಡುತ್ತದೆ. ಅದರಿಂದ ಹೈಡ್ರಾಕ್ಸೈಡ್ ಚೂರು ಚೂರೇ ಸಿಗುವುದರಿಂದ ಕಡ್ಡಿಗೆ ಬೆಳೆಯಲು ಪುರುಸೊತ್ತು ಸಿಗುತ್ತದೆ.

ಸ್ಲೈಡನ್ನು ಬೀಜದ ಬದಿ ಕೆಳಮುಖವಾಗುವಂತೆ ಓರೆಯಾಗಿ ಒರಗಿಸಿ. ಇಲ್ಲದಿದ್ದರೆ ದ್ರಾವಣದಲ್ಲೇ ಹುಟ್ಟುವ ಪುಡಿ ಅದರ ಮೇಲೆ ಕೂರುತ್ತದೆ. 90 ಡಿಗ್ರಿ, ಮೂರು–ನಾಲ್ಕು ಗಂಟೆ. ಸುಮ್ನೆ ರಾತ್ರಿಯೆಲ್ಲಾ ಬಿಟ್ಟರೆ ಲಾಭವಿಲ್ಲ, ಜಿಂಕ್ ಖಾಲಿಯಾಗಿರುತ್ತದೆ. ಉದ್ದ ಜಾಸ್ತಿ ಬೇಕಾದರೆ ಹೊಸ ದ್ರಾವಣಕ್ಕೆ ಬದಲಿಸಿ. ತಣ್ಣಗಾದ ಮೇಲೆ ಬಾಟಲಿಯನ್ನು ಫ್ಯೂಮ್ ಹುಡ್ ಒಳಗೇ ತೆರೆಯಿರಿ, ಎಚ್‌ಎಂಟಿಎ ಒಡೆದಾಗ ಹುಟ್ಟಿದ ಫಾರ್ಮಾಲ್ಡಿಹೈಡ್ ಇರುತ್ತದೆ. ಉಳಿದದ್ದು ವೇಸ್ಟ್ ಕ್ಯಾನಿಗೆ, ಸಿಂಕಿಗಲ್ಲ.

ಡಿಐ ನೀರಿನಲ್ಲಿ ತೊಳೆದು ಒಣಗಿಸಿದರೆ ಗಾಜಿನ ಮೇಲೆ ಸಮನಾದ ಮಸುಕು ಬಿಳುಪು ಕಾಣಬೇಕು. ಎಸ್‌ಇಎಂಗೆ (ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ) ದುಡ್ಡು ಕಟ್ಟುವ ಮೊದಲು ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಹರಳಿನ ರಚನೆ ನೋಡುವ ಪರೀಕ್ಷೆ) ತೆಗೆಯಿರಿ. ತಾಮ್ರದ ಎಕ್ಸ್-ರೇ ಟ್ಯೂಬಿನಲ್ಲಿ 34.4 ಡಿಗ್ರಿ ಕೋನದ 002 (ಹರಳಿನ ಒಂದು ಸಮತಲದ) ಪೀಕ್ ಒಂದೇ ಎದ್ದು ನಿಂತಿದ್ದರೆ ಕಡ್ಡಿ ನೆಟ್ಟಗಿವೆ. 31.8, 36.3ರ ಬಳಿಯೂ ಪೀಕ್ ಜೋರಾಗಿದ್ದರೆ ಅವು ಅತ್ತಿತ್ತ ವಾಲಿವೆ. ಆಗ ಓವನ್ನಿನ ಸಮಯ ತಿದ್ದುತ್ತಾ ಕೂರಬೇಡಿ, ಹೊಸ ಸ್ಲೈಡ್ ತಗೊಂಡು ಬೀಜದ ಪದರದಿಂದ ಶುರು ಮಾಡಿ.