ಆಪರೇಷನ್ ಆದ ಮೇಲೆ ಯಾವ ಡಾಕ್ಟರ್?

ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಸೇರಿದವನು ನಾನು. ಬೆನ್ನಿಗೆ ರಾಡು, ಸ್ಕ್ರೂ ಹಾಕಿದ ಸರ್ಜನ್ ಬಳಿಗೇ ನಾನು ತುಂಬ ಕಾಲ ಓಡಾಡಿದೆ. ಎಕ್ಸ್‌ರೇ ನೋಡಿ "ಎಲ್ಲ ಚೆನ್ನಾಗಿ ಕೂತಿದೆ" ಅನ್ನುತ್ತಿದ್ದರು. ಮೂಳೆ ಮಟ್ಟಿಗೆ ಅದು ನಿಜವೇ. ಆದರೆ ನನ್ನನ್ನು ಕಾಡುತ್ತಿದ್ದದ್ದು ಮೂಳೆಯಲ್ಲ: ಮತ್ತೆ ಮತ್ತೆ ಬರುವ ಮೂತ್ರದ ಸೋಂಕು, ರಾತ್ರಿ ಸೆಟೆದುಕೊಳ್ಳುವ ಕಾಲು, ಹೊಟ್ಟೆ ಕಟ್ಟುವುದು, ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖವೆಲ್ಲ ಬೆವರುವುದು.

ಇದನ್ನೆಲ್ಲ ಒಟ್ಟಿಗೆ ನೋಡುವವರು ಫಿಸಿಯಾಟ್ರಿಸ್ಟ್, ಅಂದರೆ ಪುನಶ್ಚೇತನ ವೈದ್ಯರು. ಫಿಸಿಯೋಥೆರಪಿಸ್ಟ್ ಅಲ್ಲ, ಇವರು ಔಷಧ ಬರೆಯುವ ಡಾಕ್ಟರ್. ಆದರೆ ಅವರಲ್ಲೂ ಹೆಚ್ಚಿನವರು ಪಾರ್ಶ್ವವಾಯು, ಮಂಡಿನೋವು ನೋಡುವವರೇ ಇರಬಹುದು. ಹಾಗಾಗಿ ಹೆಸರನ್ನು ನಾನು ಕೇಳಿದ್ದು ಡಾಕ್ಟರುಗಳನ್ನಲ್ಲ, ವರ್ಷಗಟ್ಟಲೆ ವೀಲ್‌ಚೇರಿನಲ್ಲಿರುವವರನ್ನು. "ಕೂತು ಕೂತು ನಿಮಗೆ ಹುಣ್ಣಾದಾಗ ಯಾರ ಹತ್ತಿರ ಹೋದಿರಿ, ಮೂತ್ರ ತೆಗೆಯುವ ಕೊಳವೆ, ಅದೇ ಕ್ಯಾಥೆಟರ್ ವಿಷಯ ಯಾರು ನೋಡುತ್ತಾರೆ" ಅಂತ ಕೇಳಿದರೆ ಒಂದೆರಡು ಹೆಸರು ತಿರುಗಿ ತಿರುಗಿ ಬರುತ್ತವೆ.

ನನ್ನ ಪೆಟ್ಟು ಟಿ-4ರಲ್ಲಿ, ಅಂದರೆ ಬೆನ್ನುಹುರಿಯ ಎದೆಮಟ್ಟದ ಭಾಗದಲ್ಲಿ. ಟಿ-6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುವ ಅಪಾಯ ಇರುತ್ತದೆ. ಮೂತ್ರಕೋಶ ತುಂಬಿದರೂ ಸಾಕು, ಪೆಟ್ಟಿನ ಕೆಳಗಿನ ರಕ್ತನಾಳಗಳು ಬಿಗಿದು ಬಿಪಿ ಸರ್ರನೆ ಏರುತ್ತದೆ, ತಲೆ ಸಿಡಿಯುತ್ತದೆ. ಅದನ್ನು ಇಳಿಸಲು ಮೆದುಳು ಕಳಿಸುವ ಸಂದೇಶ ಪೆಟ್ಟಾದ ಜಾಗ ದಾಟಿ ಕೆಳಗೆ ಹೋಗುವುದಿಲ್ಲ. ನನ್ನ ಮಾಮೂಲಿ ಬಿಪಿ 100ರ ಆಸುಪಾಸು. ಅಂಥವನಿಗೆ 140 ಅಂದರೆ ಗಾಬರಿಪಡಬೇಕಾದ ಅಂಕಿ. ತಲೆ ಸಿಡಿಯುತ್ತಿದ್ದದ್ದಕ್ಕೆ ಒಬ್ಬರು ಟೆನ್ಷನ್ ಅಂತ ನಿದ್ದೆ ಮಾತ್ರೆ ಬರೆದಿದ್ದರು. ಈಗ ನಾನು ತೋರಿಸುತ್ತಿರುವವರು ಮೊದಲ ಭೇಟಿಯಲ್ಲಿ ಅದೇ ಮಾತು ಕೇಳಿ ಪೆನ್ ಕೆಳಗಿಟ್ಟು, "ಆಗ ಕ್ಯಾಥೆಟರ್ ಹಾಕಿ ಎಷ್ಟು ಹೊತ್ತಾಗಿತ್ತು?" ಅಂದರು. ಅಲ್ಲೇ ನನ್ನ ಹುಡುಕಾಟ ಅರ್ಧ ಮುಗಿಯಿತು.

ಉಳಿದರ್ಧ ಯುರಾಲಜಿಸ್ಟ್. ಕಿಡ್ನಿ ಕಲ್ಲು, ಪ್ರಾಸ್ಟೇಟ್ ಎಲ್ಲರೂ ನೋಡುತ್ತಾರೆ. ನಾನು ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡಿದಾಗಲೇ ಕೇಳುತ್ತಿದ್ದದ್ದು ಒಂದೇ: ಅಲ್ಲಿ ಯುರೋಡೈನಾಮಿಕ್ಸ್ ಮಾಡುತ್ತಾರಾ, ಬೆನ್ನುಹುರಿ ಪೆಟ್ಟಿನವರಿಗೆ ಮಾಡಿ ಅಭ್ಯಾಸವಿದೆಯಾ? ಈ ಪರೀಕ್ಷೆಯಲ್ಲಿ ಮೂತ್ರಕೋಶಕ್ಕೆ ಒಂದು ಸಣ್ಣ ಕೊಳವೆ, ಗುದದ್ವಾರಕ್ಕೆ ಇನ್ನೊಂದು ಹಾಕಿ, ನಿಧಾನಕ್ಕೆ ನೀರು ತುಂಬುತ್ತಾ ಒಳಗಿನ ಒತ್ತಡ ಅಳೆಯುತ್ತಾರೆ. ನನಗೆ ಮಾಡುವಾಗ ತೋಳಿನಿಂದ ಬಿಪಿ ಪಟ್ಟಿ ತೆಗೆಯಲೇ ಇಲ್ಲ; ಏರತೊಡಗಿದ್ದೇ ತಡ ನೀರು ನಿಲ್ಲಿಸಿ ಖಾಲಿ ಮಾಡಿದರು. ಮೂತ್ರಕೋಶದ ಒತ್ತಡ 40 ಸೆಂಟಿಮೀಟರ್ ನೀರು (ಇದು ಒತ್ತಡದ ಅಳತೆ) ದಾಟುತ್ತಲೇ ಇದ್ದರೆ ಕಾಲಕ್ರಮದಲ್ಲಿ ಕಿಡ್ನಿಗೆ ಏಟು, ನಮಗೋ ನೋವೇ ಗೊತ್ತಾಗುವುದಿಲ್ಲ. ಆ ಒತ್ತಡ ಇಳಿಸಲು ಮಾತ್ರೆ ಶುರುವಾಯಿತು. ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್, ಒಂದು ಸಲಕ್ಕೆ ಮೂತ್ರ 500 ಮಿಲಿ ಮೀರದಂತೆ ಕುಡಿಯುವ ನೀರಿನ ಲೆಕ್ಕ.

ಜ್ವರ, ಬಿಗಿತ ಏನೂ ಇಲ್ಲದೆ ಬರೀ ಮೂತ್ರದ ಕಲ್ಚರ್ ರಿಪೋರ್ಟ್ (ಬ್ಯಾಕ್ಟೀರಿಯಾ ಪರೀಕ್ಷೆ) ನೋಡಿ ಆಂಟಿಬಯಾಟಿಕ್ ಬರೆಯುವವರನ್ನು ಬಿಟ್ಟೆ. ಕ್ಯಾಥೆಟರ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಚೇರಿನಿಂದ ಇಳಿಸದೆ "ಚರ್ಮ ಚೆನ್ನಾಗಿದೆ ತಾನೇ?" ಅಂತ ನನ್ನನ್ನೇ ಕೇಳಿದವರನ್ನೂ ಬಿಟ್ಟೆ. ಕುಂಡಿಯ ಮೂಳೆ ಮೇಲಿನ ಚರ್ಮ ನನಗೆ ಕಾಣುವುದೂ ಇಲ್ಲ, ತಿಳಿಯುವುದೂ ಇಲ್ಲ! ಪರೀಕ್ಷೆಯ ಟೇಬಲ್ ತಗ್ಗಿಸಲು ಬರುತ್ತದಾ ಅಂತ ಮೊದಲೇ ವಿಚಾರಿಸಿಕೊಳ್ಳುವುದು ಇದಕ್ಕೇ.

ಹೊಸಬರ ಹತ್ತಿರ ಹೋಗುವಾಗ ದಪ್ಪ ಫೈಲ್ ಒಯ್ಯುವುದಿಲ್ಲ, ಯಾರೂ ಓದುವುದಿಲ್ಲ. ಒಂದೇ ಹಾಳೆ: ಪೆಟ್ಟಿನ ಮಟ್ಟ, ಮಾಮೂಲಿ ಬಿಪಿ, ಔಷಧಗಳು, ಕೊನೆಯ ಕಿಡ್ನಿ ಸ್ಕ್ಯಾನ್, ಬಿಪಿ ಏರಿದರೆ ಮಾಡಬೇಕಾದ್ದು – ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರಕೋಶ ಖಾಲಿ ಮಾಡಿ. ಅದಕ್ಕೆ ಫಿಸಿಯಾಟ್ರಿಸ್ಟ್ ಸಹಿ ಹಾಕಿಸಿಕೊಂಡಿದ್ದೇನೆ. ರೋಗಿ ಹೇಳಿದ್ದಕ್ಕಿಂತ ಡಾಕ್ಟರ್ ಸಹಿಗೆ ಎಮರ್ಜೆನ್ಸಿಯಲ್ಲಿ ಬೆಲೆ ಜಾಸ್ತಿ, ಏನು ಮಾಡುವುದು.

ಸದ್ಯಕ್ಕೆ ಹುಡುಕುತ್ತಿರುವುದು ಭುಜದ ಡಾಕ್ಟರನ್ನು. ಹೋದ ಸಲ ನೋಡಿದವರು ಕೈಗೆ ಪೂರ್ತಿ ವಿಶ್ರಾಂತಿ ಕೊಡಿ ಅಂದರು. ಚೇರ್ ತಳ್ಳುವುದು, ಹಾಸಿಗೆಗೆ ದಾಟುವುದು ಎಲ್ಲ ಅದೇ ಕೈಯಲ್ಲಿ. ಫಿಸಿಯಾಟ್ರಿಸ್ಟ್ ಬೇರೊಬ್ಬರ ಹೆಸರು ಕೊಟ್ಟಿದ್ದಾರೆ, ಇನ್ನೂ ಫೋನ್ ಮಾಡಬೇಕು.