ಬಣ್ಣದ ಕೋಡ್ ಓದುವುದು ಹೀಗೆ

ಕಂಪ್ಯೂಟರ್‌ನಲ್ಲಿ ಅಕ್ಷರಕ್ಕೆ ಬಣ್ಣ ಹಾಕುವಾಗ #800000 ಅಂತ ಬರುತ್ತದಲ್ವಾ, ಅದನ್ನು ಎರಡೆರಡು ಅಂಕಿಯಾಗಿ ಒಡೆದು ನೋಡಿ: 80, 00, 00. ಮೊದಲ ಜೋಡಿ ಕೆಂಪು, ನಡುವಿನದು ಹಸಿರು, ಕೊನೆಯದು ನೀಲಿ. ಇಲ್ಲಿ ಕೆಂಪು ಮಾತ್ರ ಇದೆ, ಅದೂ ಅರ್ಧದಷ್ಟು. ಹಾಗಾಗಿ ಮರೂನ್. ಅದೇ 80 ಅನ್ನು ಕೊನೆಗೆ ತಳ್ಳಿ #000080 ಮಾಡಿದರೆ ನೇವಿ ಬ್ಲೂ.

80 ಹೇಗೆ ಅರ್ಧ ಅಂತೀರಾ? ಇದು ಹದಿನಾರರ ಲೆಕ್ಕ. 9 ಆದಮೇಲೆ ಎ, ಬಿ, ಸಿ ಅಂತ ಎಫ್‌ವರೆಗೆ ಹೋಗುತ್ತದೆ. 80 ಅಂದರೆ ಎಂಟು ಸಲ ಹದಿನಾರು, ನಮ್ಮ 128. ಎರಡು ಎಫ್ ಅಂದರೆ 255, ಅದಕ್ಕಿಂತ ಜಾಸ್ತಿ ಇಲ್ಲ.

ಮೂರೂ ಜೋಡಿ ಒಂದೇ ಇದ್ದರೆ ಬೂದು (ಎಲ್ಲ 00 ಆದರೆ ಕಪ್ಪು, ಎಲ್ಲ ಎಫ್ ಆದರೆ ಬಿಳಿ). ನಾನಂತೂ ಸುಮ್ನೆ #333333 ಹಾಕಿಬಿಡುತ್ತೇನೆ, ಅಚ್ಚ ಕಪ್ಪಿಗಿಂತ ಕಣ್ಣಿಗೆ ಹಿತ. ಬಿಳಿ ಮೇಲೆ ಹಳದಿ ಅಕ್ಷರ ಮಾತ್ರ ಬೇಡ, ಮಾರಾಯ್ರೇ!