ಮೊದಲು ‘ಹೊರಟೆ’ ಎನ್ನಲು ಕಲಿಯಿರಿ: ಎಲೀಟ್ ಡೇಂಜರಸ್ ಆಡಲು ಬರುವ ಹೊಸಬರಿಗೆ

ಇದನ್ನು ಕಾರವಾರದ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಜುಲೈ ತಿಂಗಳು, ಹೊರಗೆ ಜಡಿಮಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೈತಖೋಲ್ ಬಂದರಿನಲ್ಲಿ ಟ್ರಾಲರ್‌ಗಳು ಹಗ್ಗ ಬಿಗಿಸಿಕೊಂಡು ಒಂದಕ್ಕೊಂದು ಆತು ನಿಂತಿವೆ. ಮಾವನಿಗೆ ಕಡಲಿಲ್ಲ, ನನಗೆ ಕಚೇರಿ ಇಲ್ಲ. ಇಂಗ್ಲೆಂಡಿಗೆ ಮರಳುವುದರೊಳಗೆ ಇಷ್ಟನ್ನು ಬರೆದು ಮುಗಿಸಬೇಕು. ಏಕೆಂದರೆ ಸೆಪ್ಟೆಂಬರ್ ಬಂದರೆ ಊರಿನಿಂದ ಓದಲು ಬರುವ ಹುಡುಗ ಹುಡುಗಿಯರು ಅಲ್ಲಿ ಇಳಿಯುತ್ತಾರೆ, ಅವರಲ್ಲಿ ಒಬ್ಬಿಬ್ಬರು ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶ ನೌಕೆಯ ಕಂಪ್ಯೂಟರ್ ಆಟ ಆಡುವ ನಮ್ಮ ಶನಿವಾರದ ಗುಂಪಿಗೆ ಸೇರುತ್ತಾರೆ, ಮೂರನೆಯ ವಾರಕ್ಕೆ ತಪ್ಪದೆ ಅದೇ ಪ್ರಶ್ನೆ ಕೇಳುತ್ತಾರೆ: ‘ನಾನು ಗುರಿ ತಪ್ಪುತ್ತಿಲ್ಲ, ಆದರೂ ಏಕೆ ಪ್ರತಿ ಸಲ ಸಾಯುತ್ತಿದ್ದೇನೆ?’

ಗುಂಪು ಎಂದರೆ ದೊಡ್ಡದೇನಲ್ಲ. ಉತ್ತರ ಕನ್ನಡದ ಹತ್ತು ಹನ್ನೆರಡು ಜನ. ಅರ್ಧ ಮಂದಿ ಬ್ರಿಟನ್ನಿನ ಬೇರೆ ಬೇರೆ ಊರುಗಳಲ್ಲಿ, ಒಬ್ಬರು ಮಸ್ಕತ್‌ನಲ್ಲಿ, ಉಳಿದವರು ಶಿರಸಿ, ಕುಮಟಾ, ಕಾರವಾರದ ತಮ್ಮ ತಮ್ಮ ಮನೆಗಳಲ್ಲಿ. ಬ್ರಿಟನ್ನಿನ ಸಂಜೆ ನಾಲ್ಕು ಗಂಟೆ ಎಂದರೆ ಚಳಿಗಾಲದಲ್ಲಿ ಊರಿನ ರಾತ್ರಿ ಒಂಬತ್ತೂವರೆ. ಶಿರಸಿಯವರು ಊಟ ಮುಗಿಸಿ ಬಂದು ಕೂರುತ್ತಾರೆ, ನಾವು ಚಹಾ ಹಿಡಿದು ಕೂರುತ್ತೇವೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕಕ್ಕೇ ಕತ್ತಲೆಯಾಗುತ್ತದೆ. ಮೊದಲ ವರ್ಷ ನನಗೆ ಕಿಟಕಿಯಾಚೆಯ ಕತ್ತಲೆಗಿಂತ ಪರದೆಯೊಳಗಿನ ಕತ್ತಲೆಯೇ ವಾಸಿ ಎನಿಸಿತ್ತು. ಅದರಲ್ಲಿ ನಕ್ಷತ್ರಗಳಾದರೂ ಇದ್ದವು. ನಿನ್ನೆ ಮನೆಯಲ್ಲಿ ‘ಶನಿವಾರ ರಾತ್ರಿ ಆಟ ಇದೆ, ನನ್ನನ್ನು ಕರೆಯಬೇಡಿ’ ಎಂದದ್ದಕ್ಕೆ ಅಜ್ಜಿ ಯಕ್ಷಗಾನವೆಂದುಕೊಂಡು ‘ಈ ಮಳೆಗಾಲದಲ್ಲಿ ಯಾವ ಮೇಳದ್ದೋ?’ ಎಂದು ಕೇಳಿದರು.

ಆಟದ ಬಗ್ಗೆ ಎರಡು ಮಾತು ಸಾಕು. ಎಲೀಟ್ ಡೇಂಜರಸ್ 2014ರ ಡಿಸೆಂಬರಿನಲ್ಲಿ ಬಂದದ್ದು, ಮಾಡಿದವರು ಕೇಂಬ್ರಿಜ್‌ನ ಫ್ರಾಂಟಿಯರ್ ಸಂಸ್ಥೆಯವರು. ಅದರ ಮೂಲ ಆಟ 1984ರದ್ದು. ನಮ್ಮ ಕ್ಷೀರಪಥವನ್ನೇ ನಿಜ ಅಳತೆಯಲ್ಲಿ, ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳೊಂದಿಗೆ ಕಟ್ಟಿಟ್ಟಿದ್ದಾರೆ. ಜೀವಮಾನವಿಡೀ ಒಂದು ಗುಂಡೂ ಹಾರಿಸದೆ ಸುತ್ತಾಡಬಹುದು. ಆದರೆ ಸುತ್ತಾಡುವವನನ್ನು ಸುಲಿಯುವವರೂ ಇರುತ್ತಾರೆ, ಹಾಗಾಗಿ ಕಾಳಗ ಬೇಡವೆಂದರೂ ಬರುತ್ತದೆ.

ಹೊಸಬರೆಲ್ಲ ಮೊದಲು ಗುಂಡು ಹಾರಿಸಲು ಕಲಿಯುತ್ತಾರೆ. ನಾನೂ ಹಾಗೆಯೇ ಕಲಿತೆ, ಅದಕ್ಕೆ ತೆತ್ತ ಬೆಲೆ ಒಂದು ಕೋಬ್ರಾ ನೌಕೆ. ವಾರಗಟ್ಟಲೆ ಸರಕು ಸಾಗಿಸಿ ದುಡಿದ ಹಣವನ್ನೆಲ್ಲ ಸುರಿದು ಕೋಬ್ರಾ ಮಾರ್ಕ್ 3 ಕೊಂಡು, ಉಳಿದ ಚಿಲ್ಲರೆಯಲ್ಲಿ ಒಳ್ಳೆಯ ಲೇಸರ್ ಹಾಕಿಸಿ, ಅದೇ ಸಂಜೆ ಪೊಲೀಸರಿಲ್ಲದ ಜಾಗಕ್ಕೆ ಹೋದೆ. ನಾಲ್ಕು ನಿಮಿಷ. ನೌಕೆ ನಾಶವಾದರೆ ಅದನ್ನು ಮರಳಿ ಪಡೆಯಲು ಒಟ್ಟು ಬೆಲೆಯ ಶೇಕಡಾ 5ರಷ್ಟು ವಿಮೆಯ ಹಣ ಕಟ್ಟಬೇಕು. 10 ಲಕ್ಷ ಕ್ರೆಡಿಟ್‌ನ ನೌಕೆಗೆ 50 ಸಾವಿರ. ನನ್ನ ಬಳಿ ಅಷ್ಟಿರಲಿಲ್ಲ. ಬಿಟ್ಟಿ ಸಿಗುವ ಪುಟ್ಟ ನೌಕೆ ಸೈಡ್‌ವಿಂಡರ್‌ನಲ್ಲಿ ಮತ್ತೆ ಮೊದಲಿನಿಂದ. ಆದ್ದರಿಂದ ನಿಲ್ದಾಣ ಬಿಡುವ ಮುನ್ನ ಬಲಬದಿಯ ಫಲಕದಲ್ಲಿ ಆ ವಿಮೆಯ ಮೊತ್ತ ನೋಡಿ, ಅದರ ಎರಡು ಪಟ್ಟಾದರೂ ಕೈಯಲ್ಲಿಲ್ಲದಿದ್ದರೆ ಹೊರಡಬೇಡಿ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ಚರ್ಚೆಗೆ ನಿಲ್ಲುವುದಿಲ್ಲ.

ಈಗ ಓಡುವ ವಿದ್ಯೆ. ಅಳಿವೆ ದಾಟಿ ಕಡಲಿಗೆ ಇಳಿಯುವವನು ಮರಳಿ ಬರುವ ದಾರಿಯನ್ನು ಮೊದಲೇ ನೋಡಿಕೊಂಡಿರುತ್ತಾನೆ. ಗಾಳಿ ತಿರುಗಿದ ಮೇಲೆ ಹುಡುಕುವುದಿಲ್ಲ. ನೀವೂ ಕಾಳಗದ ಜಾಗಕ್ಕೆ ಇಳಿಯುವ ಮೊದಲೇ ನಕ್ಷೆಯಲ್ಲಿ ಪಕ್ಕದ ಒಂದು ನಕ್ಷತ್ರ ವ್ಯವಸ್ಥೆಯನ್ನು ಆರಿಸಿಟ್ಟುಕೊಳ್ಳಿ. ಕಾರಣ ಇದು: ದೊಡ್ಡ ನೌಕೆಯೊಂದು ಹತ್ತಿರವಿದ್ದರೆ ಅದರ ತೂಕವೇ ನಿಮ್ಮ ಡ್ರೈವ್ ಅನ್ನು, ಅಂದರೆ ದೂರಕ್ಕೆ ನೆಗೆಸುವ ಯಂತ್ರವನ್ನು, ಹಿಡಿದಿಡುತ್ತದೆ, ಅದೇ ವ್ಯವಸ್ಥೆಯೊಳಗಿನ ಅತಿವೇಗದ ಓಟವಾದ ಸೂಪರ್‌ಕ್ರೂಸ್‌ಗೆ ಏರಲು ತುಂಬಾ ಹೊತ್ತು ಹಿಡಿಯುತ್ತದೆ. ಬೇರೆ ವ್ಯವಸ್ಥೆಗೆ ನೇರವಾಗಿ ನೆಗೆಯುವುದಕ್ಕೆ ಮಾತ್ರ ಈ ಹಿಡಿತ ತಟ್ಟುವುದಿಲ್ಲ. ಆಯುಧಗಳು ಹೊರಗಿದ್ದರೆ ಡ್ರೈವ್ ಚಾರ್ಜ್ ಆಗುವುದೇ ಇಲ್ಲ ಎಂಬುದನ್ನು ಎಲ್ಲರೂ ಒಮ್ಮೆಯಾದರೂ ಮರೆಯುತ್ತಾರೆ. ನಮ್ಮ ಗುಂಪಿನ ಕುಮಟಾದ ಹುಡುಗಿ ಒಂದು ಇಡೀ ನಿಮಿಷ ‘ಏಕೆ ಹೋಗುತ್ತಿಲ್ಲ, ಏಕೆ ಹೋಗುತ್ತಿಲ್ಲ’ ಎನ್ನುತ್ತಲೇ ಸಿಡಿದುಹೋದಳು. ಆಯುಧ ಒಳಗೆ, ಶಕ್ತಿ ಎಂಜಿನ್‌ಗೆ, ಒಮ್ಮೆಲೇ ವೇಗ ಹೆಚ್ಚಿಸುವ ಬೂಸ್ಟ್, ಮೂಗು ಗುರಿಯ ಕಡೆಗೆ, ನೆಗೆತ. ಬೆರಳುಗಳಿಗೆ ಇದು ಬಾಯಿಪಾಠವಾಗುವವರೆಗೆ ಯಾರೂ ಇಲ್ಲದ ಕಡೆ ಹತ್ತು ಸಲ ಮಾಡಿ.

ದಾರಿಯಲ್ಲಿ ಸೂಪರ್‌ಕ್ರೂಸ್‌ನಿಂದ ಯಾರಾದರೂ ನಿಮ್ಮನ್ನು ಹಿಡಿದೆಳೆದರೆ, ಅದನ್ನು ಇಂಟರ್‌ಡಿಕ್ಷನ್ ಎನ್ನುತ್ತಾರೆ, ತಪ್ಪಿಸಿಕೊಳ್ಳುವ ದಿಕ್ಕು ತೋರಿಸುವ ನೀಲಿ ವೃತ್ತವನ್ನು ಬೆನ್ನಟ್ಟಿ ಹೆಣಗಾಡಬಹುದು. ಗೆದ್ದರೆ ಸರಿ. ಸೋತರೆ ನೌಕೆ ಗಿರಗಿರನೆ ತಿರುಗುತ್ತಾ ಹೊರಬೀಳುತ್ತದೆ, ಹಲ್‌ಗೆ ಅಂದರೆ ನೌಕೆಯ ಮೈಗೆ ಪೆಟ್ಟಾಗುತ್ತದೆ, ಡ್ರೈವ್ ತಣಿಯಲು ಹೆಚ್ಚು ಸಮಯ ಬೇಕಾಗುತ್ತದೆ. ಹೊಸಬರಿಗೆ ನನ್ನ ಸಲಹೆ ಎಂದರೆ ಹೆಣಗಾಡಬೇಡಿ. ಥ್ರಾಟಲ್ ಅನ್ನು ಸೊನ್ನೆಗೆ ಇಳಿಸಿದರೆ ಶರಣಾದಂತೆ. ಡ್ರೈವ್ ಬೇಗ ಸಿದ್ಧವಾಗುತ್ತದೆ. ಅಷ್ಟರೊಳಗೆ ಹಿಡಿದವನ ಪಕ್ಕದಿಂದಲೇ ಬೂಸ್ಟ್ ಮಾಡಿ ಹಾದುಹೋಗಿ. ಅವನು ತಿರುಗಿಕೊಳ್ಳುವಷ್ಟರಲ್ಲಿ ನೀವು ಬೇರೆ ನಕ್ಷತ್ರದ ಬಳಿ ಇರುತ್ತೀರಿ. ಕೋಪ ಬರುತ್ತದೆ, ನಿಜ. ಬರಲಿ.

ಓಡಲು ಬಂದ ಮೇಲೆ ನಿಲ್ಲುವುದನ್ನು ಕಲಿಯಬಹುದು. ನೌಕೆಯ ಶಕ್ತಿ ಮೂರು ಕಡೆ ಹಂಚಿಕೆಯಾಗುತ್ತದೆ: ಪೆಟ್ಟು ತಡೆಯುವ ಶೀಲ್ಡ್‌ಗೆ, ಎಂಜಿನ್‌ಗೆ, ಆಯುಧಕ್ಕೆ. ಒಟ್ಟು 6 ಪಾಲು, ಒಂದೊಂದಕ್ಕೆ ಹೆಚ್ಚೆಂದರೆ 4. ಆರಂಭದಲ್ಲಿ 2, 2, 2 ಇರುತ್ತದೆ. ಹೊಸಬರು ಅದನ್ನು ಮುಟ್ಟುವುದೇ ಇಲ್ಲ. ಶಿರಸಿಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ನಡೆಯುವಾಗ ಮಿಕ್ಸರ್ ಹಾಕಬೇಕೆಂದರೆ ಮೊದಲು ಫ್ಯಾನ್ ಆರಿಸುತ್ತೀರಿ, ಮಿಕ್ಸರ್ ನಿಂತ ಮೇಲೆ ಫ್ಯಾನ್ ಮತ್ತೆ ಹಾಕುತ್ತೀರಿ. ಇಲ್ಲಿಯೂ ಅಷ್ಟೇ, ಕೈ ಸುಮ್ಮನಿರಬಾರದು. ನಿಮಗೆ ಪೆಟ್ಟು ಬೀಳುತ್ತಿದ್ದರೆ ಶೀಲ್ಡ್‌ಗೆ 4. ಪಾಲು ಏರಿದಂತೆ ಬೀಳುವ ಹಾನಿ ಎದ್ದು ಕಾಣುವಷ್ಟು ತಗ್ಗುತ್ತದೆ. ನೀವು ಅವನ ಬೆನ್ನ ಹಿಂದಿದ್ದು ಹೊಡೆಯುತ್ತಿದ್ದರೆ ಆಯುಧಕ್ಕೆ 4. ಓಡುವಾಗ ಎಂಜಿನ್‌ಗೆ 4, ಉಳಿದ 2 ಶೀಲ್ಡ್‌ಗೆ. ಕೀಬೋರ್ಡಿನಲ್ಲಿ ಬಾಣದ ಗುರುತಿನ ಕೀಲಿಗಳಿಂದಲೇ ಇದೆಲ್ಲ ಆಗುತ್ತದೆ, ಕೆಳಮುಖದ ಬಾಣ ಎಲ್ಲವನ್ನೂ ಮತ್ತೆ ಸಮ ಮಾಡುತ್ತದೆ. ಒಂದು ಕಾಳಗದಲ್ಲಿ ಇಪ್ಪತ್ತು ಸಲ ಹಂಚಿಕೆ ಬದಲಿಸಿದರೂ ಅದು ಹೆಚ್ಚಲ್ಲ. ಗುರಿ ಹಿಡಿಯುವುದಕ್ಕಿಂತ ಇದು ಮುಖ್ಯ ಎಂದು ನಾನು ಹೇಳಿದಾಗ ಯಾರೂ ನಂಬುವುದಿಲ್ಲ, ಆರು ತಿಂಗಳ ನಂತರ ಎಲ್ಲರೂ ತಾವೇ ಕಂಡುಹಿಡಿದಂತೆ ಹೇಳುತ್ತಾರೆ.

ವೇಗದ ವಿಷಯ. ಥ್ರಾಟಲ್ ಪಟ್ಟಿಯ ನಡುವೆ ನೀಲಿ ಬಣ್ಣದ ಭಾಗವೊಂದಿದೆ. ಮುಳ್ಳು ಅದರೊಳಗಿದ್ದಾಗ ನೌಕೆ ಅತಿ ಚುರುಕಾಗಿ ತಿರುಗುತ್ತದೆ; ಪೂರ್ತಿ ವೇಗದಲ್ಲಿದ್ದರೆ ಹೊರಳುವಷ್ಟರಲ್ಲಿ ಶತ್ರು ಬೆನ್ನಿಗೆ ಬಿದ್ದಿರುತ್ತಾನೆ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನ ಚಾಲಕ ತಿರುವಿನಲ್ಲಿ ಏನು ಮಾಡುತ್ತಾನೆಂದು ನೋಡಿದ್ದೀರಲ್ಲ. ಅರ್ಧ ವೇಗಕ್ಕೆ ಒಂದು ಕೀಲಿಯನ್ನು ಮೀಸಲಿಡಿ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಕೈಗೇ ತಿಳಿಯಬೇಕು.

ಆಯುಧಗಳಲ್ಲಿ ಲೇಸರ್ ಶೀಲ್ಡ್ ಅನ್ನು ಚೆನ್ನಾಗಿ ಕರಗಿಸುತ್ತದೆ, ಮಲ್ಟಿಕ್ಯಾನನ್‌ನ ಗುಂಡು ಹಲ್ ಅನ್ನು ಚೆನ್ನಾಗಿ ಹರಿಯುತ್ತದೆ. ಸೈಡ್‌ವಿಂಡರ್‌ಗೆ ಎರಡೇ ಆಯುಧದ ಜಾಗ. ಒಂದೊಂದು ಹಾಕಿ, ಬೇರೆ ಬೇರೆ ಗುಂಡಿಗೆ ಜೋಡಿಸಿ. ಶೀಲ್ಡ್ ಇರುವವರೆಗೆ ಲೇಸರ್, ಬಿದ್ದ ಮೇಲೆ ಎರಡೂ. ಕ್ಷಿಪಣಿ ನೋಡಲು ಚಂದ, ಆದರೆ ಶೀಲ್ಡ್ ಮೇಲೆ ಅದರ ಆಟ ನಡೆಯುವುದಿಲ್ಲ. ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಾಪಲ್ ಯುದ್ಧನೌಕೆಯನ್ನು ನೋಡಿ ಬೆಳೆದ ಕಾರವಾರದ ಹುಡುಗರು ಮಾತ್ರ ಮೊದಲು ಕ್ಷಿಪಣಿಯನ್ನೇ ಕೊಳ್ಳುತ್ತಾರೆ. ಆಯುಧ ಕೊಳ್ಳುವಾಗ ‘ಗಿಂಬಲ್’ ಎಂಬ ಬಗೆಯನ್ನು ಆರಿಸಿ, ಅದು ಗುರಿಯತ್ತ ತಾನೇ ಸ್ವಲ್ಪ ಹೊರಳುತ್ತದೆ. ಶತ್ರು ‘ಚಾಫ್’ ಎಂಬ ದಿಕ್ಕುತಪ್ಪಿಸುವ ಚೂರುಗಳನ್ನು ಎರಚಿದಾಗ ಅದು ಕಕ್ಕಾಬಿಕ್ಕಿಯಾಗಿ ಅತ್ತಿತ್ತ ತೂರಾಡುತ್ತದೆ. ಆಗ ಗುರಿಯ ಆಯ್ಕೆಯನ್ನು ತೆಗೆದುಬಿಡಿ. ಆಯುಧ ನೆಟ್ಟಗೆ ನಿಲ್ಲುತ್ತದೆ, ಕಣ್ಣಂದಾಜಿನಲ್ಲಿ ಹೊಡೆಯಿರಿ, ಚಾಫ್ ಕರಗಿದ ಮೇಲೆ ಮತ್ತೆ ಆರಿಸಿ.

ಎಲ್ಲಿ ಹೊಡೆದಾಡಬೇಕು? ಗ್ರಹಗಳ ಉಂಗುರಗಳಲ್ಲಿ ‘ರಿಸೋರ್ಸ್ ಎಕ್ಸ್‌ಟ್ರಾಕ್ಷನ್ ಸೈಟ್’ ಎಂಬ ಜಾಗಗಳಿವೆ. ಗಣಿಗಾರರು ಬಂಡೆ ಕೊರೆಯಲು ಬರುತ್ತಾರೆ, ಅವರನ್ನು ಸುಲಿಯಲು ಕಳ್ಳರು ಬರುತ್ತಾರೆ, ಕಳ್ಳರನ್ನು ಹಿಡಿಯಲು ಪೊಲೀಸರು ಬರುತ್ತಾರೆ. ‘ಹಜಾರ್ಡಸ್’ ಎಂದು ಬರೆದಿರುವಲ್ಲಿ ಮಾತ್ರ ಪೊಲೀಸರು ಬರುವುದಿಲ್ಲ. ನನ್ನ ಕೋಬ್ರಾ ಹೋದದ್ದು ಅಲ್ಲಿಯೇ. ‘ಲೋ’ ಎಂದಿರುವುದರಿಂದ ಆರಂಭಿಸಿ. ಸರಕಿನ ಕೋಣೆ ಖಾಲಿ ಇರಲಿ. ಕಳ್ಳ ಬಂದು ತಪಾಸಣೆ ಮಾಡಿ, ಏನೂ ಇಲ್ಲವೆಂದು ಗೊಣಗಿ ಮುಂದೆ ಹೋಗುತ್ತಾನೆ, ನಿಮಗೆ ನೆಮ್ಮದಿಯಾಗಿ ನೋಡುತ್ತಾ ನಿಲ್ಲಲು ಸಿಗುತ್ತದೆ.

ಆ ನಿಲ್ಲುವುದೇ ಹೊಸಬರಿಗೆ ಕಷ್ಟ. ಯಕ್ಷಗಾನದಲ್ಲಿ ಎದುರಾದವನನ್ನು ‘ಯಾರು ನೀನು, ಎಲ್ಲಿಂದ ಬಂದೆ’ ಎಂದು ಕೇಳದೆ ಯಾವ ವೀರನೂ ಬಿಲ್ಲು ಎತ್ತುವುದಿಲ್ಲ. ಇಲ್ಲಿಯೂ ಮೊದಲು ಎದುರಿನ ನೌಕೆಯನ್ನು ಆರಿಸಿ, ಮೂಗನ್ನು ಅದರತ್ತ ಹಿಡಿದು, ಸ್ಕ್ಯಾನ್ ಮುಗಿಯುವವರೆಗೆ ಕಾಯಬೇಕು. ‘ವಾಂಟೆಡ್’ ಎಂದು ಬಂದರೆ ಹೊಡೆಯಿರಿ. ‘ಕ್ಲೀನ್’ ಎಂದು ಬಂದವನಿಗೆ ಹೊಡೆದರೆ ಅಪರಾಧಿ ನೀವೇ, ಪೊಲೀಸರು ತಿರುಗಿ ಬೀಳುತ್ತಾರೆ. ಸ್ಕ್ಯಾನ್ ಮುಗಿಯುವ ಮೊದಲೇ ಹೊಡೆಯುವುದೂ ಅದೇ ಜೂಜು. ಪೊಲೀಸರು ಆಗಲೇ ಒಬ್ಬನನ್ನು ಸುತ್ತುವರಿದಿದ್ದರೆ ನೀವೂ ಸೇರಿಕೊಳ್ಳಿ. ಅವನು ಸಾಯುವ ಮೊದಲು ನಿಮ್ಮದೂ ಪೆಟ್ಟು ಬಿದ್ದಿದ್ದರೆ ಅವನ ತಲೆಗೆ ಕಟ್ಟಿದ ಬಹುಮಾನದ ಹಣ ನಿಮಗೆ ಬರುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ನನ್ನ ಮೊದಲ ಲಕ್ಷವೆಲ್ಲ ಹೀಗೆಯೇ ಬಂದದ್ದು. ನಡುವೆ ಪೊಲೀಸ್ ನೌಕೆ ಅಡ್ಡ ಬಂದರೆ ಮಾತ್ರ ಬೆರಳು ತೆಗೆಯಿರಿ. ಇನ್ನು ಆ ಹಣ ನಿಲ್ದಾಣದಲ್ಲಿ ನಗದಾಗುವವರೆಗೆ ಬರೀ ಚೀಟಿ. ಮಧ್ಯೆ ಸತ್ತರೆ ಚೀಟಿಯೂ ಹೋಗುತ್ತದೆ. ‘ಇನ್ನೊಬ್ಬನನ್ನು ಹೊಡೆದು ಹೋಗುತ್ತೇನೆ’ ಎಂಬ ಮಾತಿನಿಂದ ನಮ್ಮಲ್ಲಿ ಕಳೆದುಹೋದಷ್ಟು ಹಣ ಬೇರೆ ಯಾವುದರಿಂದಲೂ ಹೋಗಿಲ್ಲ.

ಅನಕೊಂಡಾದಂಥ ದೈತ್ಯ ನೌಕೆಯನ್ನು ಒಬ್ಬರೇ ಕೆಣಕಬೇಡಿ. ಥಾರ್ಗಾಯ್ಡ್ ಎಂಬ ಅನ್ಯಜೀವಿಗಳ ದೊಡ್ಡ ನೌಕೆಗಳ ಮುಂದೆ ಸಾಮಾನ್ಯ ಆಯುಧ ನಡೆಯುವುದಿಲ್ಲ, ಬೇರೆಯೇ ಆಯುಧ ಬೇಕು, ಸದ್ಯಕ್ಕೆ ಅವುಗಳನ್ನು ಮರೆತುಬಿಡಿ. ಎಲ್ಲರೂ ಆಡುವ ‘ಓಪನ್’ ವಿಧಾನಕ್ಕೂ ಈಗಲೇ ಹೋಗಬೇಡಿ; ಡೆಸಿಯಾಟ್‌ನಂಥ ಜನಪ್ರಿಯ ಜಾಗಗಳಲ್ಲಿ ಹೊಸಬರನ್ನು ಸುಮ್ಮನೆ ಮೋಜಿಗೆ ಹೊಡೆಯುವ ಆಟಗಾರರು ಕಾದು ಕುಳಿತಿರುತ್ತಾರೆ. ನಾವು ನಮ್ಮದೇ ಖಾಸಗಿ ಗುಂಪಿನೊಳಗೆ ಆಡುತ್ತೇವೆ. ಮೊದಲ ಸಂಬಳದಲ್ಲಿ ಜಾಯ್‌ಸ್ಟಿಕ್ ಕೊಳ್ಳುವುದೂ ಬೇಡ. ಮೊದಲು ಒಳ್ಳೆಯ ಚಳಿಕೋಟು ಕೊಳ್ಳಿ, ಆಟಕ್ಕೆ ಕೀಬೋರ್ಡ್ ಮತ್ತು ಮೌಸ್ ಸಾಕು.

ಗುಂಪಿನ ರೀತಿನೀತಿ ಸ್ವಲ್ಪ. ನಮ್ಮಲ್ಲಿ ಒಬ್ಬರದು ಹವ್ಯಕರ ಕನ್ನಡ, ಒಬ್ಬರದು ಕೊಂಕಣಿ ಬೆರೆತ ಕನ್ನಡ, ಗಾಬರಿಯಾದಾಗ ಪ್ರತಿಯೊಬ್ಬರೂ ತಮ್ಮ ಮನೆಮಾತಿನಲ್ಲೇ ಕೂಗುತ್ತಾರೆ. ಹಾಗಾಗಿ ಕಾಳಗದ ನಡುವೆ ಒಂದೇ ಒಂದು ಪದವನ್ನು ಎಲ್ಲರೂ ಒಪ್ಪಿಕೊಂಡಿದ್ದೇವೆ: ‘ಹೊರಟೆ’. ಶೀಲ್ಡ್‌ನ ಮೂರು ವರ್ತುಲಗಳಲ್ಲಿ ಒಂದೇ ಉಳಿದಾಗ ಅದನ್ನು ಹೇಳಿ ನೆಗೆಯಬೇಕು. ಡ್ರೈವ್ ಚಾರ್ಜ್ ಆಗಲು ಬೇಕಾದ ಸೆಕೆಂಡುಗಳನ್ನು ಆ ಕೊನೆಯ ವರ್ತುಲ ಕೊಡುತ್ತದೆ, ಅದೂ ಹೋದ ಮೇಲೆ ಹೇಳಿದರೆ ನಾವು ಕೇಳಿಸಿಕೊಳ್ಳಬಹುದು ಅಷ್ಟೇ. ಹೇಳಿದವನನ್ನು ಯಾರೂ ಏಕೆಂದು ಕೇಳುವಂತಿಲ್ಲ, ಗೇಲಿ ಮಾಡುವಂತಿಲ್ಲ. ಹೇಳದೆ ಸತ್ತವನನ್ನು ಮಾತ್ರ ಮುಂದಿನ ಶನಿವಾರದವರೆಗೆ ಬಿಡುವುದಿಲ್ಲ.

ಸೋಲುತ್ತಿದ್ದೇವೆಂದು ಸಂಪರ್ಕ ಕಿತ್ತುಹಾಕುವುದನ್ನು ಈ ಆಟದಲ್ಲಿ ಎಲ್ಲ ಕಡೆಯೂ ಕೀಳಾಗಿ ಕಾಣುತ್ತಾರೆ. ಅಪಾಯದ ನಡುವೆ ಮೆನುವಿನಿಂದ ಹೊರಬೀಳಲು ಆಟವೇ 15 ಸೆಕೆಂಡ್ ಕಾಯಿಸುತ್ತದೆ. ಶಿರಸಿಯವರಿಗೆ ಆಷಾಢದಲ್ಲಿ ಇದರಿಂದ ವಿನಾಯಿತಿ ಉಂಟು. ಅಡಿಕೆ ಮರ ತಂತಿಯ ಮೇಲೆ ಬಿದ್ದದ್ದಕ್ಕೆ ಯಾರನ್ನು ದೂರುವುದು?

ಮುಂದಿನ ಶನಿವಾರ ನಾನು ಇಲ್ಲಿಂದಲೇ ಆಡುತ್ತೇನೆ. ಈಗ ಅಲ್ಲಿ ಬೇಸಿಗೆಯಾದ್ದರಿಂದ ನಾಲ್ಕಕ್ಕೆ ಸೇರಿದರೆ ಇಲ್ಲಿ ಎಂಟೂವರೆ. ಹೊಸಬರು ಸೈಡ್‌ವಿಂಡರ್‌ನಲ್ಲೇ ಬನ್ನಿ, ಸರಕಿನ ಕೋಣೆ ಖಾಲಿ ಇರಲಿ, ಪಕ್ಕದ ವ್ಯವಸ್ಥೆಯೊಂದನ್ನು ಆರಿಸಿಟ್ಟುಕೊಂಡಿರಿ. ಮೊದಲ ಅರ್ಧ ಗಂಟೆ ಯಾರೂ ಗುಂಡು ಹಾರಿಸುವುದಿಲ್ಲ, ನೆಗೆಯುವುದನ್ನಷ್ಟೇ ಮಾಡುತ್ತೇವೆ. ಶಿರಸಿಯ ಭಾವನೂ ಬರುತ್ತೇನೆ ಎಂದಿದ್ದಾನೆ, ಕರೆಂಟ್ ಇದ್ದರೆ.